ಲಿಯೋ ಫೆಂಡರ್

ಕ್ಲಾರೆನ್ಸ್ ಲಿಯೊನೈಡಸ್ ಫೆಂಡರ್ (ಆಗಸ್ಟ್ 10, 1909 – ಮಾರ್ಚ್ 21, 1991) ಅಮೆರಿಕ ಸಂಯುಕ್ತ ಸಂಸ್ಥಾನದ ವಾದ್ಯ ನಿರ್ಮಾಪಕರು ಮತ್ತು ಆವಿಷ್ಕಾರಕರು. ಟೆಲಿಕಾಸ್ಟರ್ ಹಾಗೂ ಸ್ಟ್ರಾಟೋಕಾಸ್ಟರ್ ವಿದ್ಯುತ್ ಗಿಟಾರುಗಳು ಮತ್ತು ಪ್ರಿಸಿಷನ್ ಬೇಸ್ ಗಿಟಾರು ಅವರ ಪ್ರಮುಖ ಕೊಡುಗೆಗಳು. ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ನಾದವನ್ನೇ ಬದಲಿಸಿದ ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ.

ಜನನ ಮತ್ತು ಬಾಲ್ಯ

ಫೆಂಡರ್ ಅವರು ಕ್ಯಾಲಿಫೋರ್ನಿಯಾದ ಫುಲರ್ಟನ್ ಮತ್ತು ಅನಹೈಮ್ ಊರುಗಳ ಪರಿಸರದಲ್ಲಿ, ಕಿತ್ತಳೆ ತೋಟದ ಒಡೆಯರ ಕುಟುಂಬದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣ ಎಡಗಣ್ಣನ್ನು ಕಳೆದುಕೊಂಡು, ಮುಂದೆ ಜೀವನವಿಡೀ ಗಾಜಿನ ಕಣ್ಣನ್ನು ಧರಿಸಿದರು. ವಾಹನಗಳ ವಿದ್ಯುತ್ ಉಪಕರಣಗಳ ಅಂಗಡಿ ನಡೆಸುತ್ತಿದ್ದ ಸಂಬಂಧಿಯೊಬ್ಬರ ಮೂಲಕ ಬಾಲಕನಿಗೆ ರೇಡಿಯೋ ತಂತ್ರಜ್ಞಾನದಲ್ಲಿ ಆಸಕ್ತಿ ಹುಟ್ಟಿತು. ಫುಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಅವರು ಕಲಿತದ್ದು ಲೆಕ್ಕಶಾಸ್ತ್ರ. ಎಲೆಕ್ಟ್ರಾನಿಕ್ಸ್ ವಿದ್ಯೆಯನ್ನು ಸ್ವಂತ ಪರಿಶ್ರಮದಿಂದಲೇ ಗಳಿಸಿಕೊಂಡರು.

ವೃತ್ತಿಯ ಆರಂಭ

1934ರಲ್ಲಿ ಎಸ್ತರ್ ಅವರೊಡನೆ ವಿವಾಹವಾಯಿತು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಲೆಕ್ಕಿಗರ ಕೆಲಸ ಕೈತಪ್ಪಿದಾಗ, ಫೆಂಡರ್ ಅವರು 600 ಡಾಲರ್ ಸಾಲ ಪಡೆದು 1938ರಲ್ಲಿ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿಯನ್ನು ತೆರೆದರು. ತಮ್ಮ ಆಂಪ್ಲಿಫೈಯರುಗಳನ್ನು ದುರಸ್ತಿಗೆ ತರುತ್ತಿದ್ದ ಸಂಗೀತಗಾರರ ದೂರುಗಳು ಅವರನ್ನು ವಾದ್ಯ ನಿರ್ಮಾಣದತ್ತ ಸೆಳೆದವು. ಡಾಕ್ ಕಾಫ್‌ಮನ್ ಅವರೊಡನೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನು ತಯಾರಿಸಿದರು. 1946ರಲ್ಲಿ ಪಾಲುದಾರಿಕೆ ಕೊನೆಗೊಂಡು ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಸ್ಥಾಪನೆಯಾಯಿತು.

ಪ್ರಮುಖ ಆವಿಷ್ಕಾರಗಳು

ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ ಜೋಡಿಸಿ ಧ್ವನಿಯನ್ನು ಹೆಚ್ಚಿಸಿದಾಗ ಕರ್ಕಶವಾದ ಕೂಗು ಹೊರಡುತ್ತಿತ್ತು. ಘನವಾದ ಮರದ ಹಲಗೆಯನ್ನೇ ಒಡಲಾಗಿಸಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಈ ತತ್ತ್ವದ ಮೇಲೆ ಫೆಂಡರ್ ಅವರು 1950ರಲ್ಲಿ ಎಸ್ಕ್ವೈರ್ ಮತ್ತು ಬ್ರಾಡ್‌ಕಾಸ್ಟರ್ ಗಿಟಾರುಗಳನ್ನು ಮಾರುಕಟ್ಟೆಗೆ ತಂದರು. ಗ್ರೆಚ್ ಕಂಪನಿಯ ಡ್ರಮ್ಮುಗಳಿಗೆ ಅದೇ ಬಗೆಯ ಹೆಸರಿದ್ದುದರಿಂದ ಬ್ರಾಡ್‌ಕಾಸ್ಟರ್ 1951ರಲ್ಲಿ ಟೆಲಿಕಾಸ್ಟರ್ ಆಯಿತು. ಇದರ ದಂಡಿಯನ್ನು ಅಂಟಿನಿಂದಲ್ಲದೆ ನಾಲ್ಕು ತಿರುಪುಗಳಿಂದ ಒಡಲಿಗೆ ಬಿಗಿಯಲಾಗಿತ್ತು. ದಂಡಿ ಕೆಟ್ಟರೆ ವಾದ್ಯವನ್ನು ಎಸೆಯಬೇಕಿರಲಿಲ್ಲ, ದಂಡಿಯನ್ನಷ್ಟೇ ಬದಲಿಸಿದರೆ ಸಾಕಾಗಿತ್ತು. ರಿಪೇರಿ ಅಂಗಡಿಯ ಅನುಭವ ಈ ವಿನ್ಯಾಸದಲ್ಲಿ ಕಾಣುತ್ತದೆ.

1951ರ ಪ್ರಿಸಿಷನ್ ಬೇಸ್, ಆಳೆತ್ತರದ ಡಬಲ್ ಬೇಸ್ ವಾದ್ಯವನ್ನು ಹೊತ್ತು ತಿರುಗುತ್ತಿದ್ದ ವಾದಕರ ಕಷ್ಟವನ್ನು ನೀಗಿಸಿತು. ವೀಣೆಯ ಮೆಟ್ಟಿಲುಗಳಂತಿರುವ ಫ್ರೆಟ್‌ಗಳಿದ್ದುದರಿಂದ ಸ್ವರಸ್ಥಾನ ನಿಖರವಾಗಿ ದೊರೆಯುತ್ತಿತ್ತು. ಹೆಸರಿನ ಅರ್ಥವೂ ಅದೇ. 1954ರ ಸ್ಟ್ರಾಟೋಕಾಸ್ಟರ್ ಮೂರು ಪಿಕಪ್‌ಗಳನ್ನೂ, ಸ್ವರವನ್ನು ಬಳುಕಿಸುವ ಸನ್ನೆಯನ್ನೂ, ಮೈಗೆ ಒರಗುವಂತೆ ತಿದ್ದಿದ ಒಡಲನ್ನೂ ಪಡೆದಿತ್ತು. ಫ್ರೆಡ್ಡಿ ಟವಾರೆಸ್, ಜಾರ್ಜ್ ಫುಲರ್ಟನ್, ಬಿಲ್ ಕಾರ್ಸನ್ ಮೊದಲಾದವರು ಈ ಕಾರ್ಯದಲ್ಲಿ ನೆರವಾದರು.

ಅನಾರೋಗ್ಯ ಮತ್ತು ಕಂಪನಿಯ ಮಾರಾಟ

1950ರ ದಶಕದಲ್ಲಿ ತಗುಲಿದ ಸೋಂಕು ವರ್ಷಗಟ್ಟಲೆ ಅವರನ್ನು ಬಾಧಿಸಿತು. ತಾವು ಹೆಚ್ಚು ಕಾಲ ಬದುಕಲಾರೆವೆಂದು ಭಾವಿಸಿ, 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಆದರೆ ವೈದ್ಯರನ್ನು ಬದಲಿಸಿದ ಮೇಲೆ ಕಾಯಿಲೆ ಗುಣವಾಯಿತು. ಆರೋಗ್ಯ ಮರಳಿತಾದರೂ ತಮ್ಮ ಹೆಸರಿನಲ್ಲೇ ಗಿಟಾರು ತಯಾರಿಸುವ ಹಕ್ಕು ಮರಳಲಿಲ್ಲ.

ಆದರೂ ಅವರು ವಿಶ್ರಮಿಸಲಿಲ್ಲ. 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಅಲ್ಲಿ ರೂಪುಗೊಂಡ ಸ್ಟಿಂಗ್‌ರೇ ಬೇಸ್ ಪ್ರಸಿದ್ಧವಾಯಿತು. 1979ರಲ್ಲಿ ಪತ್ನಿ ಎಸ್ತರ್ ಕ್ಯಾನ್ಸರ್‌ನಿಂದ ನಿಧನರಾದರು. ಮರುವರ್ಷ ಫೆಂಡರ್ ಅವರು ಫಿಲ್ಲಿಸ್ ಅವರನ್ನು ವಿವಾಹವಾದರು. ಇದೇ ಅವಧಿಯಲ್ಲಿ ಜಾರ್ಜ್ ಫುಲರ್ಟನ್ ಅವರೊಡಗೂಡಿ ಜಿ ಅಂಡ್ ಎಲ್ ಕಂಪನಿಯನ್ನು ಕಟ್ಟಿದರು. ಇಬ್ಬರ ಹೆಸರುಗಳ ಮೊದಲಕ್ಷರಗಳೇ ಕಂಪನಿಯ ಹೆಸರಾದವು.

ನಿಧನ ಮತ್ತು ಪ್ರಭಾವ

ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದರೂ ಕೊನೆಯ ದಿನಗಳವರೆಗೆ ಕಾರ್ಯಾಗಾರಕ್ಕೆ ಬರುತ್ತಿದ್ದ ಫೆಂಡರ್ ಅವರು 1991ರ ಮಾರ್ಚ್ 21ರಂದು ಫುಲರ್ಟನ್‌ನಲ್ಲಿ ನಿಧನರಾದರು. 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರ್ಪಡೆಯಾಯಿತು.

ದಂಡಿ ಮತ್ತು ಒಡಲನ್ನು ಬೇರೆಬೇರೆಯಾಗಿ ಮಾಡಿ ಜೋಡಿಸುವ ಅವರ ಕ್ರಮ, ಗ್ರಾಹಕರ ಇಚ್ಛೆಯಂತೆ ಗಿಟಾರು ನಿರ್ಮಿಸುವ ಕುಶಲಕರ್ಮಿಗಳಿಗೆ ದಾರಿಯನ್ನು ಸುಗಮಗೊಳಿಸಿತು. ಫೆಂಡರ್ ಗಿಟಾರುಗಳಲ್ಲಿ ಎಲ್ಲ ತಂತಿಗಳ ನುಡಿಯುವ ಉದ್ದವೂ ಸಾಮಾನ್ಯವಾಗಿ 25.5 ಅಂಗುಲ, ಬೇಸ್‌ನಲ್ಲಿ 34 ಅಂಗುಲ. ಮಂದ್ರದ ತಂತಿಗೆ ಹೆಚ್ಚು ಉದ್ದವೂ ತಾರದ ತಂತಿಗೆ ಕಡಿಮೆ ಉದ್ದವೂ ಒಂದೇ ದಂಡಿಯಲ್ಲಿ ದೊರೆಯುವಂತೆ ಫ್ರೆಟ್‌ಗಳನ್ನು ಬೀಸಣಿಗೆಯಾಕಾರದಲ್ಲಿ ಓರೆಯಾಗಿ ಕೂರಿಸುವ ಪದ್ಧತಿಯೂ ಈಗ ಬಳಕೆಯಲ್ಲಿದೆ. ಇದರ ಮೂಲ ಹದಿನಾರನೆಯ ಶತಮಾನದ ಇಂಗ್ಲೆಂಡಿನ ತಂತಿವಾದ್ಯಗಳಲ್ಲಿದೆ. ವಿದ್ಯುತ್ ಗಿಟಾರಿಗೆ ಇದನ್ನು ಅಳವಡಿಸಿದ ರಾಲ್ಫ್ ನೊವಾಕ್ ಅವರಿಗೆ 1989ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಇಂತಹ ಗಿಟಾರುಗಳಲ್ಲಿಯೂ ಘನ ಮರದ ಒಡಲು ಮತ್ತು ತಿರುಪಿನಿಂದ ಬಿಗಿದ ದಂಡಿ ಸಾಮಾನ್ಯವಾಗಿವೆ.