ಜೇನುಗೂಡಿನ ಒಳಗನ್ನು ಕಂಡ ಅಂಧ ವಿಜ್ಞಾನಿ ಫ್ರಾಂಸ್ವಾ ಹ್ಯೂಬರ್

ಮಲೆನಾಡಿನ ಮನೆಯ ಹಿತ್ತಿಲಿನಲ್ಲಿ ಜೇನುಪೆಟ್ಟಿಗೆಯ ಮುಚ್ಚಳ ತೆರೆದು, ಎರಿ ಕಟ್ಟಿದ ಚೌಕಟ್ಟೊಂದನ್ನು ಮೆಲ್ಲಗೆ ಮೇಲೆತ್ತಿ, ರಾಣಿ ಇದೆಯೇ, ಮೊಟ್ಟೆ ಇಟ್ಟಿದೆಯೇ ಎಂದು ನೋಡಿ ಮತ್ತೆ ಅದರ ಸ್ಥಾನದಲ್ಲೇ ಇರಿಸುವುದು ಇಂದು ಸಾಮಾನ್ಯ ಕೆಲಸ. ಹದಿನೆಂಟನೆಯ ಶತಮಾನದ ಯೂರೋಪಿನ ಬಹುತೇಕ ಜೇನುಸಾಕಣೆಗಾರರಿಗೆ ಈ ಅನುಕೂಲವಿರಲಿಲ್ಲ. ಅವರ ಜೇನುಗಳು ಒಣಹುಲ್ಲಿನಿಂದ ಹೆಣೆದ ಬುಟ್ಟಿಗಳಲ್ಲಿ ವಾಸಿಸುತ್ತಿದ್ದವು. ತುಪ್ಪ ಬೇಕಾದಾಗ ಗಂಧಕದ ಹೊಗೆ ಹಾಕಿ ಇಡೀ ಕುಟುಂಬವನ್ನೇ ಕೊಲ್ಲುವ ಪದ್ಧತಿ ವ್ಯಾಪಕವಾಗಿತ್ತು. ಗೂಡಿನೊಳಗೆ ನಡೆಯುವುದರ ಬಗ್ಗೆ ಇದ್ದ ತಿಳಿವಳಿಕೆಯಲ್ಲಿ ಊಹೆಯ ಪಾಲೇ ಹೆಚ್ಚು. ಆ ಕತ್ತಲೆಯನ್ನು ಸರಿಸಿದವರಲ್ಲಿ ಅಗ್ರಗಣ್ಯರು ಸ್ವಿಟ್ಜರ್‌ಲೆಂಡಿನ ಫ್ರಾಂಸ್ವಾ ಹ್ಯೂಬರ್. ಅವರು ಕಣ್ಣು ಕಾಣದವರಾಗಿದ್ದರು.

ಹ್ಯೂಬರ್ 1750ರ ಜುಲೈ 2ರಂದು ಜಿನೀವಾದ ಸ್ಥಿತಿವಂತ ಮನೆತನದಲ್ಲಿ ಜನಿಸಿದರು. ತಂದೆ ಜಾನ್ ಹ್ಯೂಬರ್ ಚಿತ್ರಕಾರರು, ಪಕ್ಷಿಗಳ ಹಾರಾಟವನ್ನು ಅಭ್ಯಾಸ ಮಾಡಿದವರು, ತತ್ತ್ವಜ್ಞಾನಿ ವಾಲ್ಟೇರರ ಒಡನಾಡಿ. ಪ್ರಕೃತಿಯನ್ನು ಗಮನಿಸುವ ಅಭಿರುಚಿ ಮಗನಿಗೆ ತಂದೆಯಿಂದಲೇ ಬಂದಿತು. ಆದರೆ ಸುಮಾರು ಹದಿನೈದರ ವಯಸ್ಸಿನಲ್ಲಿ ಆತನ ದೃಷ್ಟಿ ಮಂದವಾಗತೊಡಗಿತು. ಪ್ಯಾರಿಸಿನ ಪ್ರಸಿದ್ಧ ವೈದ್ಯರಿಗೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಹ್ಯೂಬರ್ ಪೂರ್ಣ ಅಂಧರಾದರು.

ಅದಕ್ಕೂ ಮೊದಲೇ ಅವರಿಗೆ ಮೇರಿ ಎಮೆ ಲುಲಾನ್ ಎಂಬ ತರುಣಿಯ ಸ್ನೇಹವಾಗಿತ್ತು. ಜಿನೀವಾದ ಉನ್ನತ ಅಧಿಕಾರಿಯಾಗಿದ್ದ ಆಕೆಯ ತಂದೆ, ಕಣ್ಣು ಕಳೆದುಕೊಳ್ಳುತ್ತಿರುವ ಯುವಕನಿಗೆ ಮಗಳನ್ನು ಕೊಡಲು ಸುತರಾಂ ಒಪ್ಪಲಿಲ್ಲ. ಆಕೆ ಹಟಕ್ಕೆ ಬಿದ್ದು ಜಗಳವಾಡಲಿಲ್ಲ, ಮನಸ್ಸನ್ನೂ ಬದಲಿಸಲಿಲ್ಲ. ಸ್ವಂತ ನಿರ್ಧಾರಕ್ಕೆ ಕಾನೂನು ಅವಕಾಶ ಕೊಡುವ ಇಪ್ಪತ್ತೈದನೆಯ ವಯಸ್ಸು ತುಂಬುವವರೆಗೆ ಕಾದು, ಬಳಿಕ ಹ್ಯೂಬರರನ್ನು ವರಿಸಿದರು. ಮುಂದಿನ ನಾಲ್ಕು ದಶಕಗಳ ಕಾಲ ಪತಿಗೆ ಓದಿ ಹೇಳುವವರೂ, ಪತಿಯ ಮಾತನ್ನು ಬರೆದುಕೊಳ್ಳುವವರೂ, ಪ್ರಯೋಗಗಳಲ್ಲಿ ನೆರವಾಗುವವರೂ ಆಗಿ ಬಾಳಿದರು.

ಸೇವಕನ ಕಣ್ಣು, ಯಜಮಾನನ ಪ್ರಶ್ನೆ

ಹ್ಯೂಬರರ ಸಂಶೋಧನೆಗೆ ದೊರೆತ ಇನ್ನೊಂದು ಆಸರೆ ಫ್ರಾಂಸ್ವಾ ಬರ್ನೆನ್ಸ್. ಹಳ್ಳಿಗಾಡಿನಿಂದ ಬಂದ ಈ ಸೇವಕನ ಕೆಲಸ ಯಜಮಾನರಿಗೆ ಪುಸ್ತಕ ಓದಿ ಹೇಳುವುದಾಗಿತ್ತು. ಕೀಟಗಳ ಬಗ್ಗೆ ರೇಮ್ಯೂರ್ ಮೊದಲಾದವರು ಬರೆದ ಗ್ರಂಥಗಳನ್ನು ಓದುತ್ತ ಓದುತ್ತ ಬರ್ನೆನ್ಸರಿಗೂ ಆ ವಿಷಯದಲ್ಲಿ ಆಸಕ್ತಿ ಕುದುರಿತು. ಪುಸ್ತಕದಲ್ಲಿ ಹೇಳಿದ ಪ್ರಯೋಗಗಳನ್ನು ಹ್ಯೂಬರ್ ಅವರಿಂದ ಮತ್ತೆ ಮಾಡಿಸಿದರು. ಹಿಂದಿನವರು ಕಂಡದ್ದಕ್ಕೂ ಬರ್ನೆನ್ಸ್ ವರದಿ ಮಾಡಿದ್ದಕ್ಕೂ ತಾಳೆ ನೋಡಿದರು. ಆತನ ಕಣ್ಣನ್ನು ನಂಬಬಹುದೆಂದು ಖಚಿತವಾದ ಮೇಲೆ ಜಿನೀವಾ ಸಮೀಪದ ಪ್ರೆನ್ಯಿಯಲ್ಲಿದ್ದ ತಮ್ಮ ಮನೆಯಲ್ಲಿ ಹೊಸ ಪ್ರಶ್ನೆಗಳಿಗೆ ಕೈಹಾಕಿದರು.

ಗಾಜಿನ ಗೂಡುಗಳು ಆಗಲೇ ಬಳಕೆಯಲ್ಲಿದ್ದವು. ಆದರೆ ಅವುಗಳಲ್ಲಿ ಹೊರಗಿನ ಎರಿ ಮಾತ್ರ ಕಾಣುತ್ತಿತ್ತು, ಒಳಗಿನ ಎರಿಗಳು ಮರೆಯಲ್ಲೇ ಉಳಿಯುತ್ತಿದ್ದವು. ಇದಕ್ಕೆ ಪರಿಹಾರವಾಗಿ ಹ್ಯೂಬರ್ ಪುಸ್ತಕದಂತೆ ತೆರೆದುಕೊಳ್ಳುವ ಗೂಡೊಂದನ್ನು ರೂಪಿಸಿದರು. ಹನ್ನೆರಡು ಮರದ ಚೌಕಟ್ಟುಗಳನ್ನು ತಿರುಗಣೆಯಿಂದ ಒಂದಕ್ಕೊಂದು ಜೋಡಿಸಿ, ಪ್ರತಿ ಚೌಕಟ್ಟಿನಲ್ಲೂ ಒಂದೊಂದು ಎರಿ ಇರುವಂತೆ ಮಾಡಲಾಗಿತ್ತು. ಹಾಳೆ ತಿರುವಿದಂತೆ ಚೌಕಟ್ಟು ತಿರುವಿದರೆ ಪ್ರತಿಯೊಂದು ಎರಿಯ ಎರಡೂ ಮುಖಗಳು ಕಾಣುತ್ತಿದ್ದವು. ಅವಸರಪಡದೆ ಮೆಲ್ಲನೆ ತೆರೆದರೆ ಜೇನುಗಳು ಅಷ್ಟಾಗಿ ಕೆರಳುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು.

ರಾಣಿಯ ಗರ್ಭಧಾರಣೆ ಹೇಗೆ ಎಂಬುದು ಆಗಿನ ಬಗೆಹರಿಯದ ಪ್ರಶ್ನೆ. ಗೂಡಿನೊಳಗೇ ನಡೆಯುತ್ತದೆ ಎಂದು ಕೆಲವರು, ಮೊಟ್ಟೆ ಇಟ್ಟ ಬಳಿಕ ಎಂದು ಇನ್ನು ಕೆಲವರು ವಾದಿಸುತ್ತಿದ್ದರು. ಹ್ಯೂಬರ್ ಎಳೆಯ ರಾಣಿಗಳನ್ನು ಗಂಡುಜೇನುಗಳ ಜತೆಯಲ್ಲೇ ಗೂಡಿನಲ್ಲಿ ಕೂಡಿಹಾಕಿಸಿದರು. ಅವು ಬಂಜೆಯಾಗಿಯೇ ಉಳಿದವು. ಹೊರಗೆ ಹಾರಲು ಬಿಟ್ಟಾಗ, ಮರಳಿ ಬಂದ ರಾಣಿಯ ದೇಹದ ಮೇಲೆ ಸಮಾಗಮದ ಗುರುತಿತ್ತು. 1788ರಲ್ಲಿ ನಡೆದ ಈ ಪ್ರಯೋಗಗಳಿಂದ, ರಾಣಿ ಗೂಡಿನ ಹೊರಗೆ, ಆಕಾಶದಲ್ಲಿ ಹಾರುವಾಗ ಗಂಡಿನೊಡನೆ ಕೂಡುತ್ತದೆ ಎಂಬುದು ಸಿದ್ಧವಾಯಿತು. ಸುಮಾರು ಮೂರು ವಾರ ಕಳೆದ ಬಳಿಕ ಕೂಡಿದ ರಾಣಿ ಕೇವಲ ಗಂಡು ಸಂತಾನವನ್ನು ಹೆರುತ್ತದೆ ಎಂಬುದನ್ನೂ ಅವರು ಗುರುತಿಸಿದರು. ಇದಕ್ಕೆ ಕಾರಣ ಅವರಿಗೆ ಹೊಳೆಯಲಿಲ್ಲ. ಫಲಿತವಾಗದ ಮೊಟ್ಟೆಯಿಂದಲೇ ಗಂಡುಜೇನು ಹುಟ್ಟುತ್ತದೆ ಎಂಬ ವಿವರಣೆಯನ್ನು ಸೈಲೀಷಿಯಾದ ಪಾದ್ರಿ ಜಿಯರ್ಜಾನ್ 1845ರಲ್ಲಿ ಪ್ರಕಟಿಸಿದರು.

ಕೆಲಸಗಾರ ಜೇನುಗಳೂ ಒಮ್ಮೊಮ್ಮೆ ಮೊಟ್ಟೆ ಇಡುತ್ತವೆಯೇ ಎಂಬ ಪ್ರಶ್ನೆ ಎದುರಾದಾಗ ಬರ್ನೆನ್ಸರ ನಿಷ್ಠೆ ಪರೀಕ್ಷೆಗೆ ಒಳಗಾಯಿತು. ಎರಡು ಗೂಡುಗಳ ಪ್ರತಿಯೊಂದು ಜೇನನ್ನೂ ಕೈಯಲ್ಲಿ ಹಿಡಿದು, ಅವುಗಳ ನಡುವೆ ರಾಣಿ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗಿತ್ತು. ಕುಟುಕು ಸಹಿಸಿಕೊಂಡು, ಹೆಚ್ಚು ವಿಶ್ರಾಂತಿಯನ್ನೂ ಪಡೆಯದೆ, ಬರ್ನೆನ್ಸ್ ಹನ್ನೊಂದು ದಿನಗಳಲ್ಲಿ ಈ ಕೆಲಸ ಮುಗಿಸಿದರು. ಸಂದೇಹಕ್ಕೆ ಎಡೆಯಿಲ್ಲದಂತೆ ಉತ್ತರ ದೊರೆಯಿತು: ಇಡುತ್ತವೆ, ಆದರೆ ಅವುಗಳಿಂದ ಗಂಡುಗಳು ಮಾತ್ರ ಹುಟ್ಟುತ್ತವೆ.

ಈ ಅವಲೋಕನಗಳನ್ನು ಹ್ಯೂಬರ್ ಪ್ರಕೃತಿ ವಿಜ್ಞಾನಿ ಚಾರ್ಲ್ಸ್ ಬೊನೆ ಅವರಿಗೆ ಪತ್ರಗಳ ಮೂಲಕ ತಿಳಿಸುತ್ತಿದ್ದರು. 1792ರಲ್ಲಿ ಅವು ಗ್ರಂಥರೂಪದಲ್ಲಿ ಹೊರಬಂದವು. ಕಣ್ಣಿಲ್ಲದವನ ಮಾತನ್ನು ಲೋಕ ಹೇಗೆ ನಂಬೀತು ಎಂಬ ಅಳುಕಿಗೆ ಹ್ಯೂಬರ್ ಕಂಡುಕೊಂಡ ಉತ್ತರ ಪ್ರಾಮಾಣಿಕತೆ. ಎಲ್ಲವನ್ನೂ ನೋಡಿದವರು ಬರ್ನೆನ್ಸ್ ಎಂಬುದನ್ನು ಅವರು ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಪ್ರತಿ ಪ್ರಯೋಗವನ್ನೂ ಇತರರು ಮಾಡಿ ನೋಡಬಹುದಾದಷ್ಟು ವಿವರವಾಗಿ ಬರೆಸಿದರು. ಸೇವಕರ ಹೆಸರು ಗ್ರಂಥಗಳಲ್ಲಿ ಕಾಣಿಸುವುದೇ ಅಪರೂಪವಾಗಿದ್ದ ಕಾಲವದು.

ಬರ್ನೆನ್ಸ್ 1795ರಲ್ಲಿ ತಮ್ಮ ಊರಿಗೆ ಮರಳಿದರು. ಆ ಹೊತ್ತಿಗೆ ಮೇಣದ ಮೂಲವೂ ಸ್ಪಷ್ಟವಾಗಿತ್ತು. ಜೇನುಗಳು ಪರಾಗದಿಂದ ಮೇಣ ತಯಾರಿಸುತ್ತವೆ ಎಂಬುದು ಅಂದಿನ ನಂಬಿಕೆ. ಹ್ಯೂಬರ್ ಕೂಡಿಹಾಕಿದ ಜೇನುಗಳಿಗೆ ಬರೀ ತುಪ್ಪ ಮತ್ತು ನೀರು ಕೊಟ್ಟಾಗ ಅವು ಎರಿ ಕಟ್ಟಿದವು. ಪರಾಗ ಮತ್ತು ಹಣ್ಣನ್ನಷ್ಟೇ ಕೊಟ್ಟಾಗ ಕಟ್ಟಲಿಲ್ಲ. ಮುಂದೆ ಪತ್ನಿ ಮತ್ತು ಮಗ ಪಿಯೆರ್ ಅವರ ಕಣ್ಣಾದರು. ಇರುವೆಗಳ ಅಧ್ಯಯನದಿಂದ ತಾವೂ ಹೆಸರಾದ ಪಿಯೆರ್, 1814ರಲ್ಲಿ ತಂದೆಯ ಗ್ರಂಥದ ವಿಸ್ತೃತ ಆವೃತ್ತಿಯನ್ನು ಹೊರತಂದರು. ಜೇನುಗಳು ರೆಕ್ಕೆ ಬೀಸಿ ಗೂಡಿಗೆ ಗಾಳಿ ಹಾಯಿಸಿಕೊಳ್ಳುವ ಬಗೆಯೂ ಹ್ಯೂಬರರ ಶೋಧಗಳಲ್ಲಿ ಸೇರಿದೆ.

ಮುಪ್ಪಿನಲ್ಲಿಯೂ ಅವರ ಕುತೂಹಲ ಬತ್ತಲಿಲ್ಲ. ಮೆಕ್ಸಿಕೋದ ಟ್ಯಾಂಪಿಕೋದಿಂದ ತರಿಸಿದ ಕುಟುಕದ ಜಾತಿಯ ಜೇನುಗೂಡೊಂದು ಅವರ ಕೊನೆಗಾಲದ ಸಂತೋಷವಾಗಿತ್ತು. 1831ರ ಡಿಸೆಂಬರ್ 22ರಂದು ಲೊಸಾನ್ ನಗರದಲ್ಲಿ, ಮಗಳ ಆರೈಕೆಯಲ್ಲಿ ಹ್ಯೂಬರ್ ನಿಧನರಾದರು. ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್, ಬ್ರೆಜಿಲಿನ ಸಸ್ಯಕುಲವೊಂದಕ್ಕೆ ಹ್ಯೂಬೇರಿಯಾ ಎಂದು ಹೆಸರಿಟ್ಟು ಈ ಮಿತ್ರನನ್ನು ಗೌರವಿಸಿದರು.

ನಮ್ಮ ಹಿತ್ತಿಲವರೆಗೆ

ಹ್ಯೂಬರರ ಗ್ರಂಥವನ್ನು ಓದಿದವರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಬ್ಬರು. ಜೇನುಗಳು ಓಡಾಡಲು ಬಿಟ್ಟುಕೊಳ್ಳುವಷ್ಟೇ ಅಂತರವನ್ನು ಚೌಕಟ್ಟುಗಳ ಸುತ್ತ ಬಿಟ್ಟರೆ ಅವು ಅಲ್ಲಿ ಮೇಣ ಮೆತ್ತುವುದಿಲ್ಲ ಎಂಬ ತತ್ತ್ವದ ಮೇಲೆ ಅವರು 1852ರಲ್ಲಿ ಬಿಡಿಚೌಕಟ್ಟಿನ ಪೆಟ್ಟಿಗೆಗೆ ಹಕ್ಕುಪತ್ರ ಪಡೆದರು. ದಕ್ಷಿಣ ಭಾರತದಲ್ಲಿ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ನ್ಯೂಟನ್, ನಮ್ಮ ಚಿಕ್ಕ ಗಾತ್ರದ ತುಡುವೆ ಜೇನಿಗೆ ಹೊಂದುವ ಪೆಟ್ಟಿಗೆಯನ್ನು ರೂಪಿಸಿ, 1911ರಿಂದ 1917ರ ಅವಧಿಯಲ್ಲಿ ತರಬೇತಿ ನೀಡಿದರು. ಕೊಡಗು, ಕರಾವಳಿ, ಮಲೆನಾಡುಗಳ ಜೇನುಕೃಷಿಯಲ್ಲಿ ಇಂಥ ಚೌಕಟ್ಟಿನ ಪೆಟ್ಟಿಗೆಯೇ ಬೇರೂರಿತು.

ಪೆಟ್ಟಿಗೆಯ ನೆರವಿದ್ದರೂ ಜೇನಿನ ಸ್ವಭಾವವನ್ನು ಅರಿಯದೆ ಸಾಕಣೆ ಕೈಗೂಡದು. ಪೊಟರೆಯೊಳಗೆ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ ಪೆಟ್ಟಿಗೆಗೆ ಒಗ್ಗುತ್ತದೆ. ಬಯಲಿನಲ್ಲಿ ಒಂದೇ ಎರಿ ಕಟ್ಟುವ ಹೆಜ್ಜೇನು ಒಗ್ಗುವುದಿಲ್ಲ. ಕುಟುಕದ ಪುಟ್ಟ ಮಿಸರಿ ಜೇನು ಗೋಡೆಯ ಸಂದಿಯಲ್ಲೂ ನೆಲೆ ಕಂಡುಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ನಾಶಮಾಡಿತು. ಅಂಥ ರೋಗದಲ್ಲಿ ಮರಿಹುಳುಗಳು ಚೀಲದಂತೆ ಊದಿ ಸಾಯುವುದನ್ನು ಮೊದಲೇ ಗುರುತಿಸಲು ಎರಿಯನ್ನು ಎತ್ತಿ ನೋಡಲೇಬೇಕು.

ನಗರಗಳಲ್ಲಿ ವಸತಿ ಸಮುಚ್ಚಯದ ತಾರಸಿಯಲ್ಲಿ ಹೆಜ್ಜೇನು ಕಂಡರೆ ಸಾಕು, ಬೆಂಕಿಗೋ ಕೀಟನಾಶಕಕ್ಕೋ ಕೈಹಾಕುವವರಿದ್ದಾರೆ. ಹೂವಿನ ಕಾಲ ಮುಗಿದೊಡನೆ ಅದು ತಾನಾಗಿಯೇ ಗೂಡು ಬಿಟ್ಟು ವಲಸೆ ಹೋಗುತ್ತದೆ ಎಂಬುದನ್ನು ತಿಳಿದವರು ಕಡಿಮೆ. ಜೇನನ್ನು ಕೊಲ್ಲುವ ಮುನ್ನ ಅರಿಯಬೇಕೆಂಬ ಹಾದಿಯನ್ನು ಎರಡು ಶತಮಾನಗಳ ಹಿಂದೆಯೇ ಒಬ್ಬ ಅಂಧ ಯಜಮಾನ ಮತ್ತು ಅವರ ಸೇವಕ ಜತೆಯಾಗಿ ತೋರಿಸಿಕೊಟ್ಟಿದ್ದಾರೆ.