ನಾಟಕದ ಟಿಕೆಟಿನಿಂದ ಅಂಧ ಮಕ್ಕಳಿಗೆ ಅನ್ನ: ಗಾನಯೋಗಿ ಪಂಚಾಕ್ಷರ ಗವಾಯಿಗಳು

ಬಡ ಮಕ್ಕಳ ವಿದ್ಯೆಗೆ, ರೋಗಿಗಳ ಔಷಧಿಗೆ ಅಥವಾ ಸಭಾಭವನದ ಕಟ್ಟಡಕ್ಕೆ ಹಣ ಬೇಕಾದಾಗ ನಮ್ಮ ಕರಾವಳಿಯ ಚರ್ಚುಗಳಲ್ಲಿ ನಾವು ಲಕ್ಕಿ ಡಿಪ್ ಟಿಕೆಟ್ ಮಾರುತ್ತೇವೆ, ಹಬ್ಬದ ದಿನ ತೆಂಗಿನಕಾಯಿ, ತರಕಾರಿ ಏಲಂ ಹಾಕುತ್ತೇವೆ, ಸಹಾಯಾರ್ಥ ನಾಟಕ ಆಡಿಸುತ್ತೇವೆ. ಟಿಕೆಟ್ ಪುಸ್ತಕ ಹಿಡಿದು ಮನೆ ಮನೆ ಹತ್ತಿದವರಿಗೆ ಈ ಕೆಲಸದ ಕಷ್ಟ ಗೊತ್ತು. ಘಟ್ಟದ ಮೇಲಿನ ನಾಡಿನಲ್ಲಿ ಹುಟ್ಟಿದ ಅಂಧ ಸಂಗೀತಗಾರರೊಬ್ಬರು ಇದೇ ಕೆಲಸವನ್ನು ಜೀವನಪೂರ್ತಿ ಮಾಡಿದರು. ಅವರೇ ಗಾನಯೋಗಿ ಪಂಚಾಕ್ಷರ ಗವಾಯಿಗಳು.

ಹಳೆಯ ಕೋಟೆ ಹಾಗೂ ನಗರೇಶ್ವರ ದೇವಾಲಯಕ್ಕೆ ಹೆಸರಾದ ಬಂಕಾಪುರದಿಂದ ನೈಋತ್ಯಕ್ಕೆ ಹೋದರೆ ಹಾನಗಲ್ ಸಿಗುತ್ತದೆ. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗೆ ಒಂದು ಗಂಡು ಮಗು ಹುಟ್ಟಿತು. ಹೆಸರು ಗದಿಗೆಯ್ಯ. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಮಗುವಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧ. ಆ ಕಾಲದಲ್ಲಿ ಹಳ್ಳಿಯ ಬಡ ಮನೆಯ ಅಂಧ ಮಗುವಿನ ಮುಂದೆ ಭಿಕ್ಷೆಯ ಹೊರತು ಬೇರೆ ದಾರಿ ಕಾಣುವುದು ಅಪರೂಪವಾಗಿತ್ತು.

ಈ ಹುಡುಗರ ಕಂಠವನ್ನು ಗುರುತಿಸಿದವರು ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930). 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು ಇವರೇ. ಅವರು ಗದಿಗೆಯ್ಯನಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು, ಕರ್ನಾಟಕ ಸಂಗೀತಕ್ಕಾಗಿ ಮೈಸೂರಿಗೆ ಕಳುಹಿಸಿದರು. ಮುಂದೆ ಹಿಂದೂಸ್ತಾನಿ ಸಂಗೀತವನ್ನು ನೀಲಕಂಠ ಬುವಾ ಹಾಗೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರಿಂದ ಕಲಿತರು. ಹೀಗೆ ಎರಡೂ ಪದ್ಧತಿಗಳಲ್ಲಿ ಪಳಗಿದ ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು.

ಇಷ್ಟು ವಿದ್ಯೆ ಇದ್ದ ಅವರು ಸಂಸ್ಥಾನಗಳ ಆಶ್ರಯದಲ್ಲಿ ಸುಖವಾಗಿ ಇರಬಹುದಿತ್ತು. ಆದರೆ ಗುರುಗಳ ಇಚ್ಛೆಯಂತೆ ಅವರು ಅಂಧ, ಅನಾಥ, ಬಡ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಕಲಿಸಲು ಹೊರಟರು. ಪಾಠಕ್ಕೆ ಶುಲ್ಕವಿಲ್ಲ, ಊಟ ವಸತಿಯೂ ಉಚಿತ. ಸ್ವಂತ ಕಟ್ಟಡವಿರಲಿಲ್ಲ. ಊರಿಂದೂರಿಗೆ ಶಿಷ್ಯರೊಡನೆ ಸಾಗುವ ಸಂಚಾರಿ ಪಾಠಶಾಲೆ ಅದು. ಹೋದ ಊರಿನಲ್ಲಿ ಕೀರ್ತನೆ, ಸಂಗೀತ ಕಚೇರಿ. ಭಕ್ತರು ಕೊಟ್ಟ ಜೋಳ, ಅಕ್ಕಿ, ಕಾಣಿಕೆಯಲ್ಲಿ ಮಕ್ಕಳ ಊಟ. ಮಳೆ ಕೈಕೊಟ್ಟ ವರ್ಷ ಕೊಡುವವರ ಕಣಜವೇ ಖಾಲಿ. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಬರಿಯ ಕಾಣಿಕೆ ಸಾಲದಾಯಿತು.

ಆಗ ಗವಾಯಿಗಳು ಆಯ್ದುಕೊಂಡದ್ದು ನಾಟಕ ಕಂಪನಿಯ ದಾರಿ. ಗದಗಿನ ಗರುಡ ಸದಾಶಿವರಾಯರಂಥವರ ಕಂಪನಿಗಳು ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದ್ದ ಕಾಲವದು. ಹಾಡು ಚೆನ್ನಾಗಿದ್ದರೆ ಜನ ಗಾಡಿ ಕಟ್ಟಿಕೊಂಡು ಬಂದು ಬೆಳಗಿನವರೆಗೆ ಕೂರುತ್ತಿದ್ದರು. ಗವಾಯಿಗಳ ಬಳಿ ಹಣ ಇರಲಿಲ್ಲ, ಹಾಡುವ ಬಾಯಿ, ನುಡಿಸುವ ಕೈ ಬೇಕಾದಷ್ಟಿದ್ದವು. ಗುರುಗಳ ಹೆಸರಿನಲ್ಲಿ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ ಹುಟ್ಟಿತು. ಶರಣರ, ಸಂತರ ಚರಿತ್ರೆಗಳೇ ನಾಟಕದ ವಸ್ತು. ಟಿಕೆಟಿನ ಹಣ ಆಶ್ರಮದ ಮಕ್ಕಳ ಊಟಕ್ಕೆ, ಪಾಠಕ್ಕೆ.

ಇದು ಸುಲಭದ ನಿರ್ಧಾರವಾಗಿರಲಿಲ್ಲ. ನಾಟಕದವರೆಂದರೆ ಸಮಾಜ ಮೂಗು ಮುರಿಯುತ್ತಿದ್ದ ದಿನಗಳವು. ಧಾರ್ಮಿಕ ಗುರುವಿನ ಶಿಷ್ಯರೊಬ್ಬರು ಬಣ್ಣದ ಪರದೆ ಕಟ್ಟಿ ಟಿಕೆಟ್ ಮಾರುವುದನ್ನು ಒಪ್ಪಿಕೊಳ್ಳುವುದು ಎಲ್ಲರಿಗೂ ಸಾಧ್ಯವೇ? ಅಲ್ಲದೆ ನಾಟಕ ಕಂಪನಿ ಎಂದರೆ ಮೊದಲು ಖರ್ಚು, ಆಮೇಲೆ ಆದಾಯ. ಮಳೆ ಬಂದರೆ ಆಟ ನಿಲ್ಲುತ್ತದೆ, ಮಕ್ಕಳ ಊಟ ನಿಲ್ಲಿಸುವಂತಿಲ್ಲ. ಈ ಎಲ್ಲ ಭಾರವನ್ನು ಗವಾಯಿಗಳು ಹೊತ್ತರು.

ಅವರಿಗೆ ಹೆಗಲು ಕೊಟ್ಟವರು ಶಿಷ್ಯ ಪುಟ್ಟರಾಜರು. 1914ರಲ್ಲಿ ಅದೇ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಅವರು ಬರೆದು ಆಡಿಸಿದ ಮೊದಲ ನಾಟಕ ಶ್ರೀ ಶಿವಯೋಗಿ ಸಿದ್ಧರಾಮ ಜನರ ಮನಸ್ಸು ಗೆದ್ದಿತು, ಆಶ್ರಮಕ್ಕೆ ಹಣವನ್ನೂ ತಂದಿತು. ಪುಟ್ಟರಾಜರು ಸ್ತ್ರೀ ಪಾತ್ರಗಳನ್ನೂ ಮಾಡುತ್ತಿದ್ದರು.

ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪ ಎಂಬ ದಾನಿಗಳ ನೆರವಿನಿಂದ ಅಲೆಮಾರಿ ಶಾಲೆಗೆ ನೆಲೆ ದೊರೆಯಿತು. ದಾನಿಯ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ತೀರಿಕೊಂಡರು. ಮುಂದೆ ಆರು ದಶಕಗಳಿಗೂ ಹೆಚ್ಚು ಕಾಲ ಪುಟ್ಟರಾಜರು ಆಶ್ರಮವನ್ನು ನಡೆಸಿದರು. ಅವರ ಕಾಲದಲ್ಲಿ ಮತ್ತೊಂದು ದಾರಿಯೂ ಸೇರಿಕೊಂಡಿತು: ತುಲಾಭಾರ. ಭಕ್ತರು ತಕ್ಕಡಿಯ ಒಂದು ಕಡೆ ಅವರನ್ನು ಕೂರಿಸಿ ಇನ್ನೊಂದು ಕಡೆ ನಾಣ್ಯ ತುಂಬಿ ಅದನ್ನು ಆಶ್ರಮಕ್ಕೆ ಒಪ್ಪಿಸುತ್ತಿದ್ದರು. 2010ರಲ್ಲಿ ಪದ್ಮಭೂಷಣ ಪಡೆದ ಅವರು ಅದೇ ವರ್ಷ ಸೆಪ್ಟೆಂಬರ್ 17ರಂದು ನಿಧನರಾದರು.

ಹಿಂದೂಸ್ತಾನಿ ಸಂಗೀತದಲ್ಲಿ ದೇಶಕ್ಕೇ ಹೆಸರಾದ ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಈ ಪರಂಪರೆಯಲ್ಲಿ ಕಲಿತ ಅನೇಕ ಅಂಧರು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ ಸ್ವಂತ ದುಡಿಮೆಯ ಮೇಲೆ ಬದುಕಿದ್ದಾರೆ. ಗವಾಯಿಗಳ ಜೀವನ 1995ರಲ್ಲಿ ಚಲನಚಿತ್ರವಾಯಿತು. ಅದರ ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು.

ನಿಧಿ ಸಂಗ್ರಹಕ್ಕೆ ಹೊರಡುವ ನಮಗೆ ಇವರ ಬದುಕಿನಲ್ಲಿ ಕಲಿಯಲು ತುಂಬಾ ಇದೆ. ಅಂಧ ಮಕ್ಕಳ ಕಷ್ಟವನ್ನು ಪ್ರದರ್ಶನಕ್ಕಿಟ್ಟು ಅವರು ಕನಿಕರ ಬೇಡಲಿಲ್ಲ. ಮಕ್ಕಳು ಕಲಿತ ವಿದ್ಯೆಯನ್ನೇ ಜನರ ಮುಂದಿಟ್ಟರು. ಟಿಕೆಟ್ ಕೊಂಡವನಿಗೆ ಒಳ್ಳೆಯ ನಾಟಕ, ಒಳ್ಳೆಯ ಹಾಡು ಸಿಕ್ಕಿತು. ಹಾಡಿದ ಮಗುವಿಗೆ ತನ್ನ ಅನ್ನ ತಾನೇ ದುಡಿದ ನೆಮ್ಮದಿ ಸಿಕ್ಕಿತು. ಮುಂದಿನ ಬಾರಿ ಸಹಾಯಾರ್ಥ ಕಾರ್ಯಕ್ರಮದ ಯೋಜನೆ ಹಾಕುವಾಗ, ನಾವು ಯಾರಿಗಾಗಿ ಹಣ ಕೂಡಿಸುತ್ತೇವೋ ಅವರಿಗೂ ಅದರಲ್ಲಿ ಒಂದು ಪಾತ್ರ ಇದೆಯೇ ಎಂದು ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ.