ಸರ್ ರೊನಾಲ್ಡ್ ರಾಸ್

ಮಲೇರಿಯಾ ಬಹು ಪುರಾತನವಾದ ರೋಗ. ಚಳಿ, ನಡುಕ, ಜ್ವರಗಳಿಂದ ಮನುಷ್ಯನನ್ನು ಹಣ್ಣುಮಾಡುವ ಈ ರೋಗವು ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನರು ಶತಮಾನಗಳ ಕಾಲ ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಮಾತಿಗೆ ಕೆಟ್ಟ ಗಾಳಿಯೆಂದೇ ಅರ್ಥ. ಈ ನಂಬಿಕೆಯನ್ನು ಅಳಿಸಿ, ರೋಗದ ನಿಜವಾದ ದೂತ ಸೊಳ್ಳೆಯೆಂದು ತೋರಿಸಿದವರಲ್ಲಿ ಮೊದಲಿಗರು ಸರ್ ರೊನಾಲ್ಡ್ ರಾಸ್.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯಾಧಿಕಾರಿ. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಕಾವ್ಯ, ಸಂಗೀತ, ಗಣಿತಗಳಲ್ಲಿ ಅವರ ಮನಸ್ಸು ನೆಟ್ಟಿತ್ತು. ಆದರೆ ತಂದೆಯ ಇಚ್ಛೆಗೆ ಮಣಿದು ವೈದ್ಯಶಾಸ್ತ್ರವನ್ನು ಓದಿ, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿರುವುದನ್ನು ಕಂಡ ರಾಸ್ ಆ ನೀರನ್ನು ಚೆಲ್ಲಿಸಿದರು. ಕಾಟ ತಗ್ಗಿತು. ದಂಡಿನ ಉಳಿದ ಕಡೆಯೂ ಹಾಗೆಯೇ ಮಾಡಬೇಕೆಂದು ಅವರು ಸೂಚಿಸಿದಾಗ ಅಧಿಕಾರಿಯೊಬ್ಬರು ಒಪ್ಪಲಿಲ್ಲ. ಆ ತೊಟ್ಟಿಯ ನೀರಿನಲ್ಲಿ ಎಷ್ಟು ದೊಡ್ಡ ಸತ್ಯ ಅಡಗಿದೆಯೆಂಬುದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ.

ಮಲೇರಿಯಾ ರೋಗಿಯ ರಕ್ತದಲ್ಲಿ ಸೂಕ್ಷ್ಮ ಪರೋಪಜೀವಿಗಳಿರುವುದನ್ನು ಫ್ರಾನ್ಸಿನ ಲಾವೆರಾನ್ 1880ರಲ್ಲಿ ಕಂಡುಹಿಡಿದಿದ್ದರು. ಅವು ಒಬ್ಬರಿಂದ ಮತ್ತೊಬ್ಬರಿಗೆ ಹೋಗುವುದು ಹೇಗೆ? ಇದರಲ್ಲಿ ಸೊಳ್ಳೆಯ ಪಾತ್ರವಿರಬಹುದೆಂದು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಊಹಿಸಿದ್ದರು. 1894ರಲ್ಲಿ ಅವರನ್ನು ಕಂಡ ರಾಸ್, ಆ ಊಹೆಯನ್ನು ಪರೀಕ್ಷಿಸುವ ಸಂಕಲ್ಪದಿಂದ ಮರುವರ್ಷ ಭಾರತಕ್ಕೆ ಮರಳಿದರು.

ಕೆಲಸ ಸುಲಭವಾಗಿರಲಿಲ್ಲ. ಕಾಲರಾ ನಿವಾರಣೆಗೆಂದು ಸರ್ಕಾರ ಅವರನ್ನು ಬೆಂಗಳೂರಿಗೆ ಕಳುಹಿಸಿತು. ನಗರ ನೈರ್ಮಲ್ಯದ ಹೊಣೆಯ ನಡುವೆ ಸಂಶೋಧನೆಗೆ ಸಮಯ ಸಾಲುತ್ತಿರಲಿಲ್ಲ. ನೀಲಗಿರಿಯ ಕಣಿವೆಗೆ ಮಲೇರಿಯಾವನ್ನು ಅರಸಿ ಹೋದಾಗ ಸ್ವತಃ ಅವರಿಗೇ ಆ ಜ್ವರ ತಗಲಿತು. ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಫಲ ದೊರೆಯಲಿಲ್ಲ. ಅವರು ನೋಡುತ್ತಿದ್ದ ಸೊಳ್ಳೆಗಳ ಜಾತಿಯೇ ಬೇರೆಯಾಗಿತ್ತು.

1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಚುಕ್ಕೆ ರೆಕ್ಕೆಯ ಕೆಲವು ಸೊಳ್ಳೆಗಳು ಅವರಿಗೆ ದೊರೆತವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ಅವುಗಳಿಗೆ ತನ್ನ ಮೈಯೊಡ್ಡಿದನು. ಬೇಸಗೆಯಂತಹ ಸೆಕೆ. ಸೊಳ್ಳೆಗಳು ಹಾರಿಹೋಗುವುವೆಂದು ಪಂಖ ಬೀಸುವಂತಿಲ್ಲ. ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು, ಕೆಲವೇ ಸೊಳ್ಳೆಗಳು ಉಳಿದಿದ್ದಾಗ, ಒಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ಗುಂಡನೆಯ ಕೋಶಗಳನ್ನು ರಾಸ್ ಕಂಡರು. ಅವು ಬೆಳೆಯುತ್ತಿದ್ದ ಮಲೇರಿಯಾ ಪರೋಪಜೀವಿಗಳು!

ಅಷ್ಟರಲ್ಲಿ ಅವರನ್ನು ಮಲೇರಿಯಾ ವಿರಳವಾಗಿದ್ದ ರಾಜಸ್ಥಾನದ ಖೇರ್ವಾಡಕ್ಕೆ ವರ್ಗಾಯಿಸಲಾಯಿತು. ಮುಂದೆ 1898ರಲ್ಲಿ ಕಲ್ಕತ್ತೆಯಲ್ಲಿ, ಮಹಮ್ಮದ್ ಬಕ್ಷ್ ಎಂಬ ಸಹಾಯಕರೊಡನೆ, ಪಕ್ಷಿಗಳ ಮಲೇರಿಯಾವನ್ನು ಅಭ್ಯಸಿಸಿದರು. ಪರೋಪಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗಳನ್ನು ಸೇರಿ, ಕಚ್ಚಿದಾಗ ಆರೋಗ್ಯವಂತ ಹಕ್ಕಿಯ ದೇಹವನ್ನು ಹೊಗುವುದು ಸಿದ್ಧವಾಯಿತು. ಅದೇ ವರ್ಷ ಇಟಲಿಯ ವಿಜ್ಞಾನಿಗಳು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡುವುದನ್ನು ಸಿದ್ಧಪಡಿಸಿದರು.

1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ಲಭಿಸಿತು. ಕೀರ್ತಿ ಬಂದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ನಿಂತ ನೀರನ್ನು ಹರಿಯಬಿಡಿರಿ, ಸೊಳ್ಳೆಯ ಮರಿಗಳನ್ನು ನಾಶಮಾಡಿರಿ ಎಂದು ದೇಶದೇಶಗಳಲ್ಲಿ ಸಾರಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಕಾಲವಾದರು.

ಸಣ್ಣ ಜೀವಿಗಳು ಹರಡುವ ರೋಗಗಳು ಇನ್ನೂ ಹಲವಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಜ್ವರಕ್ಕೆ ತುತ್ತಾದಾಗ, ಅದಕ್ಕೆ ಕಾರಣವಾದ ವಿಷಾಣುವನ್ನು ಹೊತ್ತು ತರುವುದು ಉಣುಗು ಎಂದು ವಿಜ್ಞಾನಿಗಳು ಕಂಡುಕೊಂಡರು. ಕುರಿ ದನಗಳ ಯಕೃತ್ತನ್ನು ಕೆಡಿಸುವ ಚಪ್ಪಟೆ ಹುಳು ಕೆರೆಕುಂಟೆಗಳ ಬಸವನಹುಳುವಿನಲ್ಲಿ ಬೆಳೆಯುತ್ತದೆ. ರೋಗದ ಹಾದಿಯನ್ನು ಅರಿತರೆ ಅದನ್ನು ಕಡಿಯಲು ಸಾಧ್ಯ. ಬೆಂಗಳೂರಿನ ಆ ತೊಟ್ಟಿಯ ನೀರು ಕಲಿಸಿದ ಪಾಠವನ್ನು ನಮ್ಮ ಮನೆಯಂಗಳದಲ್ಲಿ ಆಚರಿಸುವುದೇ ರಾಸ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.